ಮನೆ ಕಟ್ಟುವ ಮುನ್ನ: ಒಂದೇ ಊರು, ಮೂರು ನಿಯಮ

ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ದಂಡಿನಶಿವರದ ಸುತ್ತ ತೆಂಗಿನ ತೋಟಗಳೇ ಹೆಚ್ಚು. ಇಂಥ ಕಡೆ ಮನೆ ಕಟ್ಟಲು ಹೊರಟವರು ಮೊದಲು ನೆಲ ಯಾವ ಬಗೆಯದೆಂಬುದನ್ನು ತಿಳಿಯಬೇಕು. ಅದಕ್ಕೆ ತಕ್ಕಂತೆ ನಿಯಮವೂ ಬದಲಾಗುತ್ತದೆ.

ಗ್ರಾಮಠಾಣದೊಳಗಿನ ನಿವೇಶನಕ್ಕೆ ಭೂಪರಿವರ್ತನೆಯ ಅಗತ್ಯವಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯ ಪರವಾನಗಿ ಪಡೆದು ಮನೆ ಕಟ್ಟಬಹುದು.

ತೋಟದ ಮನೆಯ ಲೆಕ್ಕ ಬೇರೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ರೈತನು ಸ್ವಂತ ವಾಸಕ್ಕಾಗಿ, ತನ್ನ ಹಿಡುವಳಿಯ ಶೇ 10ರಷ್ಟನ್ನು ಮೀರದಂತೆ ಮನೆ ಕಟ್ಟಿಕೊಳ್ಳಬಹುದು. ಅದನ್ನು ವಾಣಿಜ್ಯ ಚಟುವಟಿಕೆಗೆ ಬಾಡಿಗೆಗೆ ಕೊಡುವಂತಿಲ್ಲ.

ತೋಟವನ್ನು ನಿವೇಶನಗಳಾಗಿ ವಿಂಗಡಿಸಿ ಮಾರುವುದಾದರೆ ಜಿಲ್ಲಾಧಿಕಾರಿಯ ಭೂಪರಿವರ್ತನೆ ಆದೇಶ ಬೇಕು. ಬಡಾವಣೆಯ ನಕ್ಷೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಅನುಮೋದನೆಯೂ ಬೇಕು. ರಸ್ತೆ, ಉದ್ಯಾನಗಳಿಗೆ ಬಿಡಬೇಕಾದ ಜಾಗ ನಿಗದಿಯಾಗುವುದು ಈ ನಕ್ಷೆಯಲ್ಲಿಯೇ.

ಕೊಳ್ಳುವವರು ಮೋಸಹೋಗುವುದೂ ಇಲ್ಲಿಯೇ. ಊರ ಕಡೆ ಒಂದು ನಿವೇಶನವಿರಲಿ ಎಂದು ಬಯಸುವ ಪಟ್ಟಣವಾಸಿಗಳು ಕಂದಾಯದ ರಸೀದಿ ಕಂಡೊಡನೆ ನಂಬಿಬಿಡುತ್ತಾರೆ. ತೆರಿಗೆ ಕಟ್ಟಿದ ಮಾತ್ರಕ್ಕೆ ನಿವೇಶನ ಅಧಿಕೃತವಾಗದು. ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ಪಂಚಾಯಿತಿಯ ಇ-ಸ್ವತ್ತು ನಮೂನೆ 9, ಈ ಮೂರನ್ನೂ ಪರಿಶೀಲಿಸಿದ ಬಳಿಕವೇ ಮುಂಗಡ ಕೊಡುವುದು ಕ್ಷೇಮ.