ಮೆತ್ತಗಾದ ಪಾಪ್‌ಕಾರ್ನ್ ಮತ್ತು ನಮ್ಮ ಮೊಬೈಲ್: ಅಭ್ಯಾಸ ಬಿಡೋದು ಯಾಕಿಷ್ಟು ಕಷ್ಟ?

ಟೈಮ್ ಎಷ್ಟಾಯ್ತು ಅಂತ ನೋಡೋಕೆ ಮೊಬೈಲ್ ತೆಗೀತೀರಿ. ಹತ್ತು ನಿಮಿಷ ರೀಲ್ಸ್ ನೋಡಿ ಜೇಬಿಗೆ ವಾಪಸ್ ಹಾಕ್ತೀರಿ. ಆಮೇಲೆ ನೆನಪಾಗುತ್ತೆ, ಟೈಮ್ ನೋಡಲೇ ಇಲ್ಲ! 'ನಂಗೆ ಮನಸ್ಸು ಗಟ್ಟಿ ಇಲ್ಲ' ಅಂತ ನಮ್ಮನ್ನು ನಾವೇ ಬೈದುಕೊಳ್ತೀವಿ. ಆದರೆ ತಪ್ಪು ನಿಜವಾಗಲೂ ಮನಸ್ಸಿನದ್ದೇನಾ?

ಇದಕ್ಕೆ ಉತ್ತರ ಒಂದು ಸಿನಿಮಾ ಹಾಲ್‌ನಲ್ಲಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಡೇವಿಡ್ ನೀಲ್, ವೆಂಡಿ ವುಡ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಸಿನಿಮಾ ನೋಡಲು ಬಂದವರಲ್ಲಿ ಕೆಲವರಿಗೆ ತಾಜಾ ಪಾಪ್‌ಕಾರ್ನ್, ಕೆಲವರಿಗೆ ವಾರದ ಹಿಂದಿನ ಮೆತ್ತಗಾದ ಪಾಪ್‌ಕಾರ್ನ್ ಕೊಟ್ಟರು. ಥಿಯೇಟರ್‌ನಲ್ಲಿ ಪಾಪ್‌ಕಾರ್ನ್ ತಿನ್ನೋ ಅಭ್ಯಾಸ ಬಲವಾಗಿದ್ದವರು ಹಳೆಯದನ್ನೂ ತಾಜಾದಷ್ಟೇ ತಿಂದರು. ರುಚಿ ಇಷ್ಟ ಆಗಿತ್ತಾ? ಇಲ್ಲ. ಆದರೂ ಕೈ ನಿಲ್ಲಲಿಲ್ಲ.

ಅಂದ್ರೆ, ಅಭ್ಯಾಸ ಬಲವಾದ ಮೇಲೆ ಆಸೆಯೇ ಬೇಕಾಗಿಲ್ಲ. ಜಾಗ, ಹೊತ್ತು, ಕತ್ತಲೆ, ಪರದೆ – ಇಂಥ ಸೂಚನೆ ಸಾಕು.

ಹಾಗಾದ್ರೆ ಆಗ ಮಿದುಳಿನೊಳಗೆ ಏನು ನಡೆಯುತ್ತೆ? ಮಿದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಅನ್ನೋ ಭಾಗ ಇದೆ. ಎಂಐಟಿಯ ವಿಜ್ಞಾನಿ ಆನ್ ಗ್ರೇಬಿಯಲ್ ತಂಡ ಇಂಗ್ಲಿಷ್‌ನ 'ಟಿ' ಆಕಾರದ ದಾರಿಯಲ್ಲಿ ಇಲಿಗಳನ್ನು ಓಡಿಸಿ ಈ ಭಾಗದ ನರಕೋಶಗಳನ್ನು ಗಮನಿಸಿತು. ಹೊಸದರಲ್ಲಿ ಓಟದ ಉದ್ದಕ್ಕೂ ಅವು ಚುರುಕಾಗಿದ್ದವು. ದಾರಿ ರೂಢಿಯಾದ ಮೇಲೆ ಓಟದ ಶುರುವಿನಲ್ಲಿ ಮತ್ತು ಕೊನೆಯಲ್ಲಿ ಮಾತ್ರ ಜೋರಾದ ಸದ್ದು, ನಡುವೆ ಬಹುತೇಕ ಮೌನ. ಇಡೀ ಕೆಲಸವನ್ನು ಮಿದುಳು ಒಂದೇ ಗಂಟಾಗಿ ಕಟ್ಟಿಟ್ಟ ಹಾಗೆ. ಸೂಚನೆ ಸಿಕ್ಕರೆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತೆ.

ಇದು ಮಿದುಳಿನ ದೋಷ ಅಲ್ಲ, ಉಳಿತಾಯ. ಬೈಕ್ ಕಲಿಯುವಾಗ ಕ್ಲಚ್, ಗೇರ್, ಬ್ರೇಕ್ ಒಂದೊಂದನ್ನೂ ಯೋಚಿಸಿ ಮಾಡ್ತಿದ್ರಿ. ಈಗ ಯೋಚಿಸ್ತೀರಾ? ಇಲ್ಲ ಅಲ್ವಾ. ಕಷ್ಟ ಏನಂದ್ರೆ, ಒಳ್ಳೇ ಅಭ್ಯಾಸ, ಕೆಟ್ಟ ಅಭ್ಯಾಸ ಅಂತ ಈ ವ್ಯವಸ್ಥೆ ಭೇದ ಮಾಡಲ್ಲ.

ಪಾಪ್‌ಕಾರ್ನ್ ಕತೆ ಇನ್ನೂ ಮುಗಿದಿಲ್ಲ. ಇನ್ನೊಂದು ಸುತ್ತಿನಲ್ಲಿ ರೂಢಿಯಿಲ್ಲದ ಕೈಯಲ್ಲಿ ತಿನ್ನಿ ಅಂದರು. ಬಲಗೈನವರು ಎಡಗೈಯಲ್ಲಿ. ಅಷ್ಟಕ್ಕೇ ಅಭ್ಯಾಸದ ಹಿಡಿತ ಸಡಿಲವಾಯ್ತು. ಅಭ್ಯಾಸ ಇದ್ದವರೂ ಹಳೆಯದನ್ನು ಕಡಿಮೆ ತಿಂದರು.

ನಮಗೂ ಇದೇ ದಾರಿ. ಮನಸ್ಸಿನ ಜೊತೆ ಕುಸ್ತಿ ಬೇಡ, ಕೈಗೆ ಸಣ್ಣ ಅಡ್ಡಿ ಒಡ್ಡಿ. ಚಾರ್ಜರ್ ಹಾಸಿಗೆ ಪಕ್ಕದಿಂದ ಹಾಲ್‌ಗೆ ಹೋಗಲಿ. ಟೈಮ್ ನೋಡೋಕೆ ಕೈಗಡಿಯಾರ ಕಟ್ಟಿ. ಹೊಸ ಅಭ್ಯಾಸ ಬೇಕಾ? ಈಗಾಗಲೇ ಇರೋದಕ್ಕೆ ಗಂಟು ಹಾಕಿ: ಬೆಳಗಿನ ಕಾಫಿ ಲೋಟ ಕೆಳಗಿಟ್ಟ ತಕ್ಷಣ ಎರಡು ಪುಟ ಓದು.

21 ದಿನದಲ್ಲಿ ಅಭ್ಯಾಸ ಆಗಿಬಿಡುತ್ತೆ ಅನ್ನೋ ಮಾತು ಕೇಳಿರ್ತೀರಿ. ಅದನ್ನು ನಂಬಿ 22ನೇ ದಿನಕ್ಕೆ ಕೈಬಿಡಬೇಡಿ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ತಂಡ 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಸಿಕ್ಕ ಅಂದಾಜು ಸುಮಾರು 66 ದಿನ. ಕೆಲವರಿಗೆ 18, ಕೆಲವರಿಗೆ 254! ಸಮಾಧಾನದ ಸುದ್ದಿಯೂ ಇದೆ: ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ.

ಹಾಗಾಗಿ ನಿನ್ನೆ ತಪ್ಪಿದ್ರೆ ಬೈದುಕೊಳ್ಳಬೇಡಿ, ಇವತ್ತು ಮುಂದುವರಿಸಿ. ಈಗ ಮೊಬೈಲ್ ಕೆಳಗಿಡೋ ಮುಂಚೆ ಒಂದು ಕೆಲಸ: ಇವತ್ತು ರಾತ್ರಿ ಅದು ಎಲ್ಲಿ ಮಲಗಬೇಕು ಅಂತ ಜಾಗ ನೋಡಿಡಿ.