ಸ್ವಿಚ್ಚಿನೊಳಗಿನ ಸರದಿ

ದೂರವಾಣಿಯಲ್ಲಿ ಮಾತನಾಡುವ ಇಬ್ಬರ ನಡುವೆ ನೇರವಾದ ತಂತಿಯಿರುವುದಿಲ್ಲ. ಇಬ್ಬರ ತಂತಿಗಳೂ ವಿನಿಮಯ ಕೇಂದ್ರಕ್ಕೆ ಬಂದು, ಅಲ್ಲಿನ ಸ್ವಿಚ್ಚಿನಲ್ಲಿ ಒಂದಕ್ಕೊಂದು ಸೇರುತ್ತವೆ. ಸಿ-ಡಾಟ್ ಸಂಸ್ಥೆಯು ಭಾರತದ ಹಳ್ಳಿಗಳಿಗೆಂದೇ ರೂಪಿಸಿದ 128 ತಂತಿಗಳ ವಿನಿಮಯ ಕೇಂದ್ರವು ಮೊದಲು ಸ್ಥಾಪಿತವಾದುದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, 1986ರಲ್ಲಿ. ಬಿಸಿಲು ಧೂಳುಗಳ ನಡುವೆ, ಹವಾನಿಯಂತ್ರಣದ ನೆರವಿಲ್ಲದೆ ಅದು ದುಡಿಯಬೇಕಾಗಿತ್ತು. ಇಂತಹ ಕೇಂದ್ರದಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು ಅಂಕಿಗಳನ್ನಾಗಿ ಮಾರ್ಪಡಿಸಲಾಗುತ್ತದೆ. ಪ್ರತಿಯೊಂದು ಸಂಭಾಷಣೆಗೂ ಕಾಲದ ಒಂದು ತುಂಡು ಮೀಸಲು. ಆದುದರಿಂದ ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಅಡ್ಡ ಬಾರದು.

ಗಣಕಯಂತ್ರಗಳ ಸಂದೇಶಗಳು ಹೀಗೆ ಹದವಾಗಿ ಬರುವುದಿಲ್ಲ. ಒಮ್ಮೆ ಹಳ್ಳದಂತೆ ಹರಿದು ಮರುಗಳಿಗೆಯೇ ಬತ್ತಿಬಿಡುತ್ತವೆ. ಅವುಗಳಿಗೆ ಕಾಲವನ್ನು ಕಾಯ್ದಿರಿಸಿದರೆ ಬಹುಪಾಲು ವ್ಯರ್ಥ. ಹೀಗಾಗಿ ಸಂದೇಶವನ್ನು ಪ್ಯಾಕೆಟ್ಟುಗಳೆಂಬ ತುಣುಕುಗಳಾಗಿ ಒಡೆದು, ಪ್ರತಿಯೊಂದಕ್ಕೂ ವಿಳಾಸ ಹಚ್ಚಿ, ಬಂದಂತೆ ಕಳುಹಿಸುತ್ತಾರೆ. ತೊಡಕು ಹುಟ್ಟುವುದು ಇಲ್ಲಿಯೇ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಒಂದೇ ಸ್ವಿಚ್ಚಿಗೆ ಸೇರಿವೆಯೆಂದು ಭಾವಿಸಬಹುದು. ಅಂದು ಕೊಟ್ಟೂರೇಶ್ವರನ ತೇರು. ಉಳಿದ ನಾಲ್ಕು ಊರುಗಳಿಂದಲೂ ಕೊಟ್ಟೂರಿಗೆ ಸಂದೇಶಗಳು ನುಗ್ಗುತ್ತಿವೆ. ಕೊಟ್ಟೂರಿನ ಬಾಗಿಲಲ್ಲಿ ಒಂದು ಸಲಕ್ಕೆ ಒಂದೇ ಪ್ಯಾಕೆಟ್ಟು ಹೋಗಬಲ್ಲದು, ಉಳಿದವು ಕಾಯಲೇಬೇಕು. ಹಡಗಲಿಯ ಮಲ್ಲಿಗೆ ಬೆಳೆಗಾರನೊಬ್ಬನು ಹರಪನಹಳ್ಳಿಯ ವ್ಯಾಪಾರಿಗೆ ಕಳುಹಿಸಿದ ಸಂದೇಶವು, ಕೊಟ್ಟೂರಿಗೆ ಹೊರಟ ಪ್ಯಾಕೆಟ್ಟಿನ ಹಿಂದೆ ನಿಂತಿದೆ. ಹರಪನಹಳ್ಳಿಯ ಬಾಗಿಲು ತೆರವಾಗಿದ್ದರೂ ಅದಕ್ಕೆ ಮುಂದೆ ಹೋಗಲು ದಾರಿಯಿಲ್ಲ! ಕ್ಷಣಮಾತ್ರದ ತಡದಿಂದ ಹೂವೇನೂ ಬಾಡದು, ನಿಜ. ಆದರೆ ಸರದಿ ಬೆಳೆಬೆಳೆದು ಸ್ವಿಚ್ಚಿನ ಸ್ಮೃತಿಕೋಶವು ತುಂಬಿದರೆ, ಆಮೇಲೆ ಬಂದ ಪ್ಯಾಕೆಟ್ಟುಗಳನ್ನು ಅದು ಕೈಬಿಡುತ್ತದೆ.

ಇದರಿಂದಾಗುವ ನಷ್ಟ ಅಲ್ಪವಲ್ಲ. ಪ್ರತಿ ಪ್ರವೇಶದಲ್ಲಿಯೂ ಒಂದೊಂದೇ ಸರದಿಯಿರುವ ದೊಡ್ಡ ಸ್ವಿಚ್ಚಿನಲ್ಲಿ, ಪ್ಯಾಕೆಟ್ಟುಗಳು ಎಲ್ಲ ದಿಕ್ಕಿಗೂ ಸಮನಾಗಿ ಹೊರಟಿದ್ದರೂ, ಸಾಮರ್ಥ್ಯದ ಶೇಕಡಾ 58.6ರಷ್ಟು ಮಾತ್ರ ಬಳಕೆಯಾಗುತ್ತದೆಂದು ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು 1987ರಲ್ಲಿ ಗಣಿತದಿಂದ ತೋರಿಸಿದರು.

ಪರಿಹಾರವು ಸರಳವಾಗಿದೆ. ಹಡಗಲಿಯ ಪ್ರವೇಶದಲ್ಲಿ ಕೊಟ್ಟೂರಿಗೊಂದು, ಹರಪನಹಳ್ಳಿಗೊಂದು, ಹೀಗೆ ಊರೂರಿಗೆ ಬೇರೆ ಬೇರೆ ಸರದಿಗಳನ್ನು ಇರಿಸಿದರಾಯಿತು. ಕಷ್ಟವಿರುವುದು ಹೊಂದಾಣಿಕೆಯಲ್ಲಿ: ಪ್ರತಿಕ್ಷಣವೂ ಯಾವ ಪ್ರವೇಶಕ್ಕೆ ಯಾವ ಬಾಗಿಲೆಂಬುದನ್ನು ನಿರ್ಧರಿಸಬೇಕು. 1990ರ ದಶಕದಲ್ಲಿ ನಿಕ್ ಮೆಕ್‌ಕಿಯೊನ್ ರೂಪಿಸಿದ ಕ್ರಮದಲ್ಲಿ ಪ್ರವೇಶಗಳು ಕೋರಿಕೆ ಸಲ್ಲಿಸುತ್ತವೆ. ಪ್ರತಿ ಬಾಗಿಲೂ ಒಂದಕ್ಕೆ ಒಪ್ಪಿಗೆ ನೀಡುತ್ತದೆ. ಪ್ರವೇಶವು ಒಂದು ಒಪ್ಪಿಗೆಯನ್ನು ಸ್ವೀಕರಿಸುತ್ತದೆ. ಅವಕಾಶವು ಸುತ್ತುಸರದಿಯಂತೆ ತಿರುಗುವುದರಿಂದ ಯಾವ ಊರೂ ಹಸಿದು ಕೂರದು. ಸಂಚಾರವು ಸಮನಾಗಿದ್ದಾಗ ಇದು ಪೂರ್ಣ ಸಾಮರ್ಥ್ಯವನ್ನೇ ಮುಟ್ಟಬಲ್ಲದು. ಆದರೆ ತೇರಿನ ದಿನ ಕೊಟ್ಟೂರಿನ ಬಾಗಿಲಲ್ಲಿ ನಿಲ್ಲುವ ಸರದಿಯು ಇದರಿಂದ ಕರಗದು. ಅದಕ್ಕೆ ಕೊಟ್ಟೂರಿನ ದಾರಿಯನ್ನೇ ಅಗಲಿಸಬೇಕು.