ಏರಿನಲ್ಲಿ ನಿಲ್ಲಿಸಿದ ಗಾಡಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಗಾಡಿ ನಿಲ್ಲಿಸಲು ಸಮತಟ್ಟಾದ ಜಾಗ ಸಿಗುವುದೇ ಅಪರೂಪ. ತೋಟದ ಮನೆಗೆ ಏರು, ಕಾಫಿ ಕಣಕ್ಕೆ ಇಳಿಜಾರು, ಹೊರನಾಡಿನ ದಾರಿಯುದ್ದಕ್ಕೂ ತಿರುವು, ರಜಾ ದಿನಗಳಲ್ಲಿ ಸೀತಾಳಯ್ಯನಗಿರಿಯ ಬಳಿ ನೂಕುನುಗ್ಗಲು. ಘಾಟಿಯಲ್ಲಿ ಹುಷಾರಾಗಿ ಓಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಹುಷಾರಾಗಿ ನಿಲ್ಲಿಸಿ ಎಂದು ಹೇಳುವವರು ಕಡಿಮೆ. ಆಳಿಲ್ಲದೆ ಜಾರಿದ ಗಾಡಿಯಲ್ಲಿ ಹಾರ್ನ್ ಹೊಡೆಯುವವರೂ ಇರುವುದಿಲ್ಲ, ಬ್ರೇಕ್ ಒತ್ತುವವರೂ ಇರುವುದಿಲ್ಲ. ಈ ಬಗ್ಗೆ ನಮ್ಮಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ತಿದ್ದಿಕೊಳ್ಳಲೇಬೇಕು.

ತಪ್ಪು ಕಲ್ಪನೆ: ಹ್ಯಾಂಡ್ ಬ್ರೇಕ್ ಎಳೆದರೆ ಸಾಕು.

ವಾಸ್ತವ: 1,200 ಕೆ.ಜಿ. ತೂಕದ ಕಾರು 10 ಅಡಿಗೆ 1 ಅಡಿ ಏರುವ ದಾರಿಯಲ್ಲಿ ನಿಂತಿದ್ದರೆ, ಸುಮಾರು 120 ಕೆ.ಜಿ. ಭಾರದಷ್ಟು ಬಲ ಅದನ್ನು ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಇಷ್ಟನ್ನು ತಡೆಯುವುದು ಹೆಚ್ಚಿನ ಕಾರುಗಳಲ್ಲಿ ಒಂದು ಕೇಬಲ್ಲು, ಅದೂ ಹಿಂದಿನ ಎರಡೇ ಚಕ್ರಗಳ ಮೂಲಕ. ಯುರೋಪಿನ ನಿಯಮದ ಪ್ರಕಾರ ಪೂರ್ತಿ ಭಾರ ಹೇರಿದ ಕಾರನ್ನು ಶೇ 20ರ ಏರಿನಲ್ಲಿ ಹ್ಯಾಂಡ್ ಬ್ರೇಕ್ ಒಂದೇ ಹಿಡಿದು ನಿಲ್ಲಿಸಬೇಕು. ಹೊಸದರಲ್ಲಿ ಹಿಡಿಯುತ್ತದೆ ಕೂಡ. ವರ್ಷಗಳು ಕಳೆದಂತೆ ಕೇಬಲ್ ಉದ್ದವಾಗುತ್ತದೆ, ಲೈನರ್ ಸವೆಯುತ್ತದೆ. ಮೂತಿ ಕೆಳಕ್ಕೆ ಮಾಡಿ ನಿಲ್ಲಿಸಿದರೆ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರಗಳು ಹಗುರಾಗುತ್ತವೆ; ಕೆಳಗೆ ಪಾಚಿಯೋ ಒದ್ದೆ ತರಗೆಲೆಯೋ ಇದ್ದರೆ ಚಕ್ರ ತಿರುಗದೆಯೇ ಗಾಡಿ ಜಾರುತ್ತದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಹಿಂದಿನ ಚಕ್ರಗಳಿಗೂ ಡಿಸ್ಕ್ ಬ್ರೇಕ್ ಇರುವ ಕಾರಿನಲ್ಲಿ ಮುಳ್ಳಯ್ಯನಗಿರಿಯಿಂದ ಬ್ರೇಕ್ ಒತ್ತುತ್ತಲೇ ಇಳಿದು ಕೈಮರದಲ್ಲಿ ಕಾಫಿಗೆ ನಿಲ್ಲಿಸುತ್ತೀರಿ ಎಂದುಕೊಳ್ಳಿ. ಡಿಸ್ಕ್ ಕಾದಿರುತ್ತದೆ. ಅದು ತಣಿದು ಕುಗ್ಗುತ್ತಿದ್ದಂತೆ ಪ್ಯಾಡಿನ ಹಿಡಿತ ಸಡಿಲವಾಗುತ್ತದೆ. ಕಣ್ಣೆದುರೇ ಗಟ್ಟಿಯಾಗಿ ನಿಂತಿದ್ದ ಕಾರು ಅರ್ಧ ಗಂಟೆಯ ಮೇಲೆ ತಾನೇ ಹೊರಡುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಘಾಟಿ ಇಳಿದ ಮೇಲೆ ಇನ್ನೊಂದು ಕ್ಲಿಕ್ ಹೆಚ್ಚಿಗೆ ಎಳೆಯಿರಿ, ಗೇರನ್ನೂ ಹಾಕಿ.

ಎಳೆಯುವುದಕ್ಕೂ ಒಂದು ಕ್ರಮವಿದೆ. ಕಾಲಿನ ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಗೇರನ್ನು ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಆಮೇಲೆ ಕಾಲನ್ನು ನಿಧಾನ ಸಡಿಲಿಸಿ. ಗಾಡಿ ತುಸು ಜಗ್ಗಿ ನಿಂತರೆ ಬ್ರೇಕ್ ಹಿಡಿದಿದೆ ಎಂದರ್ಥ. ನಿಲ್ಲದಿದ್ದರೆ ನೀವಿನ್ನೂ ಸೀಟಿನಲ್ಲೇ ಇದ್ದೀರಿ, ಮತ್ತೆ ಒತ್ತಬಹುದು. ನಿಂತ ಮೇಲೆ ಎಂಜಿನ್ ಆರಿಸಿ, ಗೇರ್ ಹಾಕಿ ಕ್ಲಚ್ ಬಿಡಿ.

ತಪ್ಪು ಕಲ್ಪನೆ: ಗೇರಿನಲ್ಲಿಟ್ಟ ಗಾಡಿ ಅಲ್ಲಾಡುವುದಿಲ್ಲ.

ವಾಸ್ತವ: ಗೇರಿನಲ್ಲಿದ್ದಾಗ ಚಕ್ರವನ್ನು ತಡೆಯುವುದು ಸಿಲಿಂಡರಿನೊಳಗೆ ಒತ್ತಿಕೊಂಡ ಗಾಳಿ. ಆ ಗಾಳಿ ಪಿಸ್ಟನ್ ರಿಂಗುಗಳ ಸಂದಿಯಿಂದ ಮೆಲ್ಲಗೆ ಸೋರುತ್ತದೆ. ಎಂಜಿನ್ ಹಳೆಯದಾಗಿದ್ದರೆ ಗಾಡಿ ತಡೆದು ತಡೆದು ಒಂದೊಂದೇ ಅಡಿ ಜರುಗುತ್ತದೆ. ಮೇಲಿನ ಗೇರುಗಳಲ್ಲಿ ಹಿಡಿತ ಇನ್ನೂ ಕಡಿಮೆ. ಮೂತಿ ಏರಿನ ಕಡೆಗಿದ್ದರೆ ಫಸ್ಟ್, ಇಳಿಜಾರಿನ ಕಡೆಗಿದ್ದರೆ ರಿವರ್ಸ್ ಹಾಕಿ. ಮರೆತು ಕ್ಲಚ್ ಒತ್ತದೆ ಕೀ ತಿರುಗಿಸಿದರೂ ಗಾಡಿ ಮೇಲಕ್ಕೆ ಜಿಗಿಯುತ್ತದೆಯೇ ಹೊರತು ಕೆಳಕ್ಕಲ್ಲ.

ಜೀಪಿನವರು ಗಮನಿಸಬೇಕಾದದ್ದು ಒಂದಿದೆ. ಮುಳ್ಳೋಡಿಗೋ ರಾಣಿಝರಿಗೋ ಹೋಗುವ ಫೋರ್‌ವೀಲ್ ಗಾಡಿಗಳಲ್ಲಿ ಎರಡನೆಯ ಸಣ್ಣ ಗೇರು ನ್ಯೂಟ್ರಲ್‌ನಲ್ಲಿ ಉಳಿದುಬಿಟ್ಟರೆ ದೊಡ್ಡ ಗೇರು ಯಾವುದರಲ್ಲಿದ್ದರೂ ಪ್ರಯೋಜನವಿಲ್ಲ. ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಕಡಿದಿರುತ್ತದೆ.

ತಪ್ಪು ಕಲ್ಪನೆ: ಆಟೊಮ್ಯಾಟಿಕ್ ಕಾರಿಗೆ ಈ ಚಿಂತೆ ಇಲ್ಲ.

ವಾಸ್ತವ: 'ಪಿ' ಹಾಕಿದಾಗ ಗೇರ್‌ಬಾಕ್ಸ್ ಒಳಗೆ ಉಕ್ಕಿನ ಒಂದು ಪುಟ್ಟ ಕೊಕ್ಕೆ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಕಾರಿನ ಭಾರವೆಲ್ಲ ಅದರ ಮೇಲೇ ಬೀಳಬಾರದು. ಹ್ಯಾಂಡ್ ಬ್ರೇಕ್ ಮೊದಲು, 'ಪಿ' ಆಮೇಲೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಮನೆಮಾತಾದ ಎಎಂಟಿ ಕಾರುಗಳಲ್ಲಿ ಸಾಮಾನ್ಯವಾಗಿ 'ಪಿ' ಇರುವುದೇ ಇಲ್ಲ. ಅವುಗಳನ್ನು ನ್ಯೂಟ್ರಲ್‌ನಲ್ಲಿ ಆರಿಸಿ ಇಳಿದರೆ ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ. ಬ್ರೇಕ್ ಒತ್ತಿಕೊಂಡು 'ಡಿ' ಅಥವಾ 'ಆರ್'ನಲ್ಲೇ ಎಂಜಿನ್ ಆರಿಸಿದರೆ ಗೇರ್ ಬಿದ್ದೇ ಇರುತ್ತದೆ. ಹಿಲ್ ಹೋಲ್ಡ್ ಇದೆಯಲ್ಲ ಎನ್ನುವವರೂ ಇದ್ದಾರೆ. ಅದು ಏರಿನಲ್ಲಿ ಹೊರಡುವಾಗ ಎರಡು ಮೂರು ಸೆಕೆಂಡು ಹಿಡಿಯುವ ಸೌಕರ್ಯ ಮಾತ್ರ, ಪಾರ್ಕಿಂಗ್‌ಗೆ ಸಂಬಂಧಪಟ್ಟದ್ದಲ್ಲ.

2016ರ ಜೂನ್ 19ರಂದು ಹಾಲಿವುಡ್ ನಟ ಆಂಟನ್ ಯೆಲ್ಚಿನ್ ತಮ್ಮ ಮನೆಯ ಇಳಿಜಾರು ದಾರಿಯಲ್ಲಿ, ಹಿಂದಕ್ಕೆ ಉರುಳಿದ ತಮ್ಮದೇ ಜೀಪ್ ಗ್ರ್ಯಾಂಡ್ ಚೆರೋಕಿಗೂ ಕಂಬಕ್ಕೂ ನಡುವೆ ಸಿಕ್ಕಿ ತೀರಿಕೊಂಡರು. ಆಗ ಅವರಿಗೆ 27 ವರ್ಷ. ಒತ್ತಿ ಬಿಟ್ಟೊಡನೆ ಗೇರಿನ ಹಿಡಿ ಮಧ್ಯಕ್ಕೇ ಮರಳುವ ಮಾದರಿ ಅದು. 'ಪಿ' ಬಿದ್ದಿದೆಯೋ ಇಲ್ಲವೋ ಕೈಗೆ ಗೊತ್ತಾಗುತ್ತಿರಲಿಲ್ಲ. ಅದೇ ಕಾರಣಕ್ಕೆ ಆ ಏಪ್ರಿಲ್‌ನಲ್ಲಿ ಕಂಪನಿ 11 ಲಕ್ಷ ವಾಹನಗಳನ್ನು ವಾಪಸ್ ಕರೆಸಲು ಮುಂದಾಗಿತ್ತು.

ತಪ್ಪು ಕಲ್ಪನೆ: ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಲೇಬಾರದು, ಜಾಮ್ ಆಗುತ್ತದೆ.

ವಾಸ್ತವ: ಇದರಲ್ಲಿ ಅರ್ಧ ಸತ್ಯವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಗಟ್ಟಲೆ ಗಾಡಿ ತೆಗೆಯದಿದ್ದರೆ ಡ್ರಮ್ಮು ತುಕ್ಕು ಹಿಡಿದು ಲೈನರ್ ಅಂಟಿಕೊಳ್ಳುವುದುಂಟು. ಸಮನೆಲದ ಶೆಡ್ಡಿನಲ್ಲಿ ನಿಲ್ಲಿಸುವವರು ಗೇರ್ ಹಾಕಿ, ಚಕ್ರಕ್ಕೆ ಎರಡೂ ಕಡೆ ತಡೆ ಕೊಟ್ಟು ಹ್ಯಾಂಡ್ ಬ್ರೇಕ್ ಬಿಡಬಹುದು. ಇಳಿಜಾರಿಗೆ ಈ ವಿನಾಯಿತಿ ಇಲ್ಲ. ಅಂಟಿಕೊಂಡ ಲೈನರನ್ನು ಮೆಕ್ಯಾನಿಕ್ ಬಿಡಿಸಿಕೊಡುತ್ತಾನೆ.

ತಪ್ಪು ಕಲ್ಪನೆ: ನಿಲ್ಲಿಸುವಾಗ ಸ್ಟಿಯರಿಂಗ್ ನೆಟ್ಟಗಿರಬೇಕು.

ವಾಸ್ತವ: ನನ್ನ ಪ್ರಕಾರ ಮಲೆನಾಡಿನವರು ಮೊದಲು ಕಲಿಯಬೇಕಾದದ್ದು ಇದನ್ನೇ. ಬ್ರೇಕು, ಗೇರು, ಕಲ್ಲು ಮೂರೂ ಕೈಕೊಟ್ಟರೆ ಗಾಡಿ ಎತ್ತ ಹೋಗುತ್ತದೆ ಎಂಬುದನ್ನು ಇಳಿಯುವ ಮೊದಲೇ ತೀರ್ಮಾನಿಸುವುದು ಸ್ಟಿಯರಿಂಗ್. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶೇ 3ಕ್ಕಿಂತ ಹೆಚ್ಚಿನ ಏರಿನಲ್ಲಿ ಚಕ್ರ ತಿರುಗಿಸದೆ ನಿಲ್ಲಿಸಿದರೆ ದಂಡ ಬೀಳುತ್ತದೆ. ಅಲ್ಲಿ ಚಕ್ರ ಫುಟ್‌ಪಾತಿನ ಅಂಚಿಗೆ ತಾಗಿ ನಿಲ್ಲುತ್ತದೆ. ನಮ್ಮ ಘಾಟಿಗಳಲ್ಲಿ ಫುಟ್‌ಪಾತ್ ಇಲ್ಲ. ಒಂದು ಕಡೆ ಧರೆ, ಇನ್ನೊಂದು ಕಡೆ ಪ್ರಪಾತ. ಧರೆಯ ಪಕ್ಕ ನಿಲ್ಲಿಸಿ, ಸ್ಟಿಯರಿಂಗನ್ನು ಪೂರ್ತಿ ಧರೆಯ ಕಡೆಗೇ ತಿರುಗಿಸಿ. ಮೂತಿ ಕೆಳಕ್ಕಿದ್ದರೆ ಗಾಡಿ ಮುಂದೆ ಹೋಗಿ ಧರೆಗೆ ಗುದ್ದುತ್ತದೆ. ಮೂತಿ ಮೇಲಕ್ಕಿದ್ದರೂ ಲೆಕ್ಕ ಅದೇ: ಹಿಂದಕ್ಕೆ ಜಾರುವಾಗ ಬಾಲ ಧರೆಯ ಕಡೆಗೇ ಹೊರಳುತ್ತದೆ. ಬಂಪರ್ ನುಗ್ಗಾದರೂ ಗಾಡಿ ಉಳಿಯುತ್ತದೆ, ಕೆಳಗಿನ ತಿರುವಿನಲ್ಲಿ ಬರುವವರೂ ಉಳಿಯುತ್ತಾರೆ.

ಪ್ರಪಾತದ ಅಂಚಿನಲ್ಲಿ ಫೋಟೊಗೆಂದು ನಿಲ್ಲಿಸುವುದನ್ನು ಬಿಟ್ಟೇಬಿಡಿ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲಿ ಹಲವು ಕಡೆ ಗುಡ್ಡ ಕುಸಿದು ಸಂಚಾರವೇ ಬಂದ್ ಆಗಿತ್ತು. ಮಳೆ ಕುಡಿದ ಅಂಚಿನ ಮಣ್ಣು ಎಷ್ಟು ಭಾರ ತಾಳುತ್ತದೆ ಎಂದು ಮೇಲಿನಿಂದ ನೋಡಿ ಹೇಳಲಾಗುವುದಿಲ್ಲ. ಮಳೆ ಜೋರಾಗಿದ್ದರೆ ಹಸಿ ಧರೆಯ ಬುಡವೂ ಬೇಡ. ಕೊಟ್ಟಿಗೆಹಾರದವರೆಗೆ ಹೋಗಿ ನಿಲ್ಲಿಸಿ.

ತಪ್ಪು ಕಲ್ಪನೆ: ಕೈಗೆ ಸಿಕ್ಕಿದ ಒಂದು ಕಲ್ಲು ಕೊಟ್ಟರಾಯಿತು.

ವಾಸ್ತವ: ಹಳ್ಳದ ಗುಂಡುಕಲ್ಲು ಚಕ್ರದ ಜೊತೆಗೇ ಉರುಳುತ್ತದೆ, ಚಿಕ್ಕದನ್ನು ಟೈರು ಹತ್ತಿ ದಾಟುತ್ತದೆ. ಒಂದು ಬದಿ ಓರೆಯಾಗಿ ಕೊಯ್ದ ಗಟ್ಟಿ ಮರದ ಎರಡು ತುಂಡು ಡಿಕ್ಕಿಯಲ್ಲಿರಲಿ. ತೋಟದಲ್ಲಿ ಸಿಲ್ವರ್ ಓಕ್ ಕೊಯ್ದಾಗ ಉಳಿಯುವ ದಪ್ಪ ತುಂಡಾದರೂ ಆದೀತು. ಇಳಿಜಾರಿನ ಬದಿಯಲ್ಲಿ, ಎರಡು ಚಕ್ರಗಳಿಗೆ, ಟೈರಿಗೆ ಒತ್ತಿ ಕೂರಿಸಿ. ತುಂಡಿಗೊಂದು ಹಗ್ಗ ಕಟ್ಟಿದ್ದರೆ ಹೊರಡುವಾಗ ಚಕ್ರದಡಿ ಕೈ ಹಾಕದೆ ಎಳೆದುಕೊಳ್ಳಬಹುದು. ಕಲ್ಲನ್ನೇ ಬಳಸಿದರೆ ಹೊರಡುವಾಗ ಚರಂಡಿಯಾಚೆ ಎತ್ತಿಹಾಕಿ. ಕೆಟ್ಟು ನಿಂತ ಗಾಡಿಯವರು ರಸ್ತೆಯಲ್ಲೇ ಬಿಟ್ಟುಹೋದ ಕಲ್ಲು ಮಂಜಿನಲ್ಲಿ ಬೈಕಿನವರಿಗೆ ಕಾಣುವುದಿಲ್ಲ.

ತಪ್ಪು ಕಲ್ಪನೆ: ಜ್ಯಾಕ್ ಕೊಡುವಾಗ ಹ್ಯಾಂಡ್ ಬ್ರೇಕ್ ಇದೆಯಲ್ಲ.

ವಾಸ್ತವ: ಹಿಂದಿನ ಚಕ್ರ ಎತ್ತಿದರೆ ಹ್ಯಾಂಡ್ ಬ್ರೇಕಿಗೆ ನೆಲ ಸಿಗುವುದು ಇನ್ನೊಂದೇ ಹಿಂದಿನ ಚಕ್ರದಿಂದ. ಹಿಂದಿನ ಚಕ್ರಗಳಿಂದ ಓಡುವ ಪಿಕಪ್ಪಿನಲ್ಲಿ ಗೇರೂ ಸೋಲುತ್ತದೆ; ಡಿಫರೆನ್ಷಿಯಲ್ ಇರುವುದರಿಂದ ಎತ್ತಿದ ಚಕ್ರ ಗಾಳಿಯಲ್ಲಿ ತಿರುಗಿ ನೆಲದಲ್ಲಿರುವುದನ್ನು ಬಿಟ್ಟುಕೊಡುತ್ತದೆ. ತುಂಡು ಕೊಡದೆ ಜ್ಯಾಕ್ ಮುಟ್ಟಬೇಡಿ.

ತಪ್ಪು ಕಲ್ಪನೆ: ಇಲ್ಲಿ ಸಮ ಇದೆ.

ವಾಸ್ತವ: ಸುತ್ತ ಗುಡ್ಡವೇ ಇರುವಾಗ ಕಣ್ಣಿಗೆ ಮಟ್ಟ ತಿಳಿಯುವುದಿಲ್ಲ. ಲೇಹ್ ಬಳಿಯ ಮ್ಯಾಗ್ನೆಟಿಕ್ ಹಿಲ್ ಕೂಡ ಇಂಥದೇ ಕಣ್ಣಿನ ಭ್ರಮೆ. ನೂರಕ್ಕೆ ಎರಡಡಿ ಇಳಿದಿದ್ದರೂ ಕಾರು ಉರುಳಲು ಸಾಕು.

ತಪ್ಪು ಕಲ್ಪನೆ: ಎರಡೇ ನಿಮಿಷ, ಎಂಜಿನ್ ಆನ್ ಇರಲಿ.

ವಾಸ್ತವ: ಕೊಟ್ಟಿಗೆಹಾರದಲ್ಲಿ ನೀರುದೋಸೆ ಕಟ್ಟಿಸಿಕೊಳ್ಳಲು ಇಳಿದವರ ಕಾರಿನಲ್ಲಿ ಎಸಿ ಓಡುತ್ತಿರುತ್ತದೆ, ಒಳಗೆ ಮಕ್ಕಳಿರುತ್ತಾರೆ. ಮಗುವಿನ ಕೈಗೆ ಹ್ಯಾಂಡ್ ಬ್ರೇಕಿನ ಗುಂಡಿ ಎಟುಕುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಇದನ್ನೇ ತಡೆಯುತ್ತದೆ: ಲೈಸೆನ್ಸ್ ಇರುವವರು ಚಾಲಕನ ಸೀಟಿನಲ್ಲಿರಬೇಕು, ಇಲ್ಲವೇ ಎಂಜಿನ್ ಆರಿಸಿ, ಬ್ರೇಕ್ ಹಾಕಿ, ಗಾಡಿ ಆಕಸ್ಮಿಕವಾಗಿ ಚಲಿಸದಂತೆ ನೋಡಿಕೊಂಡಿರಬೇಕು.

ತಪ್ಪು ಕಲ್ಪನೆ: ಜಾರಿದರೆ ನಾಲ್ಕು ಜನ ಸೇರಿ ತಡೆಯಬಹುದು.

ವಾಸ್ತವ: ಹತ್ತಕ್ಕೊಂದರ ಇಳಿಜಾರಿನಲ್ಲಿ ಬಿಟ್ಟ ಕಾರು ಐದು ಸೆಕೆಂಡಿನಲ್ಲಿ ಸುಮಾರು 10 ಮೀಟರ್ ಹೋಗಿ ಗಂಟೆಗೆ 15 ಕಿ.ಮೀ. ವೇಗ ಹಿಡಿದಿರುತ್ತದೆ. ಅಡ್ಡ ನಿಲ್ಲಬೇಡಿ, ಬಾಗಿಲು ತೆರೆದು ಹತ್ತಲು ಹೋಗಬೇಡಿ. ಕೂಗಿ ಕೆಳಗಿನವರನ್ನು ಸರಿಸಿ. ಕೊಯ್ಲಿನ ಕಾಲದಲ್ಲಿ ಇದು ಇನ್ನೂ ಮುಖ್ಯ. ಹಣ್ಣು ತುಂಬಿದ ಪಿಕಪ್ಪು ಏರಿಗೆ ಮುಖ ಮಾಡಿ ನಿಂತಾಗ ಚೀಲ ಇಳಿಸುವವರೆಲ್ಲ ನಿಲ್ಲುವುದು ಅದರ ಬೆನ್ನ ಹಿಂದೆ, ಅಂದರೆ ಗಾಡಿ ಜಾರುವ ದಾರಿಯಲ್ಲೇ. ಒಂದೊಂದು ಚೀಲ ಇಳಿದಾಗಲೂ ಗಾಡಿ ಅಲುಗುತ್ತದೆ. ಮೊದಲು ಹಿಂದಿನ ಎರಡೂ ಚಕ್ರಗಳಿಗೆ ತುಂಡು ಕೂರಲಿ, ಅದನ್ನು ಡ್ರೈವರೇ ಇಳಿದು ಒದ್ದು ನೋಡಲಿ. ಹಿಂದಿನ ಹಲಗೆ ತೆಗೆಯುವುದು ಆಮೇಲೆ.